ಕದ್ರಿ ಪಾರ್ಕ್ ಹತ್ತಿರ, ಮೂರನೇ ಮಹಡಿ, ಲಿಫ್ಟ್ ಇಲ್ಲ

ಹೋದ ಭಾನುವಾರ ಸಹಕಾರನಗರದ ನಮ್ಮ ಬಾಡಿಗೆ ಮನೆ ಬಾಲ್ಕನಿಯಲ್ಲಿ ಕಾಫಿ ಹಿಡ್ಕೊಂಡು ಕೂತು, ಮೊಬೈಲಿನಲ್ಲಿ ಒಂದು ಜಾಹೀರಾತು ಟೈಪ್ ಮಾಡಿದೆ. ‘ಮಾರಾಟಕ್ಕಿದೆ: ಮಂಗಳೂರಿನ ಕದ್ರಿ ಪಾರ್ಕ್ ಹತ್ತಿರ, ಹಳೇ ಕಾಲದ ಗಟ್ಟಿಮುಟ್ಟಾದ 2 ಬಿಎಚ್‌ಕೆ ಫ್ಲ್ಯಾಟ್. ದೊಡ್ಡ ಕೋಣೆಗಳು, ಮೊಸಾಯಿಕ್ ನೆಲ, ಹಲಸಿನ ಮರದ ಬಾಗಿಲು, ಸಮುದ್ರದ ಗಾಳಿ.’ ಅಮ್ಮನಿಗೆ ವಾಟ್ಸಾಪ್ ಮಾಡಿದೆ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು: ‘ಲಿಫ್ಟ್ ಇಲ್ಲ ಅಂತ ಬರಿ.’

ಈ ಫ್ಲ್ಯಾಟು ಅಪ್ಪ 1989ರಲ್ಲಿ ಕೊಂಡದ್ದು. ಅಪ್ಪ ಬ್ಯಾಂಕಿನವರು. ಶಿವಮೊಗ್ಗದ ಕಡೆಯವರಾದ ನಾವು ವರ್ಗವಾಗಿ ಮಂಗಳೂರಿಗೆ ಬಂದು, ಅಲ್ಲೇ ಉಳಿದುಬಿಟ್ಟೆವು. ಬ್ಯಾಂಕುಗಳನ್ನೇ ಹೆತ್ತ ಊರು ಅದು. ಕೆನರಾ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ವಿಜಯಾ 1931ರಲ್ಲಿ ಹುಟ್ಟಿದ್ದೆಲ್ಲ ಅಲ್ಲಿಯೇ. ಬ್ಯಾಂಕಿನವರು, ಲೆಕ್ಚರರ್‌ಗಳು, ಆಕಾಶವಾಣಿಯವರು, ಗಲ್ಫಿನಿಂದ ದುಡ್ಡು ಕಳಿಸುವವರ ಮನೆಯವರು, ಹೀಗೆ ಒಂದೇ ಮೆಟ್ಟಿಲು ಹತ್ತುತ್ತಿದ್ದ ಹನ್ನೆರಡು ಸಂಸಾರ. ಸಂಜೆ ಆದರೆ ಮಕ್ಕಳೆಲ್ಲ ಪಾರ್ಕಿನ ಪುಟಾಣಿ ರೈಲಿಗೆ. ಟಿಕೆಟ್ಟಿಗೆ ಕಾಸಿಲ್ಲದ ದಿನ ಬೇಲಿ ಪಕ್ಕ ನಿಂತು ಟಾಟಾ ಮಾಡೋದು.

ಅಪ್ಪ ತೀರಿಕೊಂಡು ನಾಲ್ಕು ವರ್ಷ. ‘ಮನೆ ಮಾರೋಣ’ ಅಂತ ಮೊದಲು ಹೇಳಿದ್ದು ಅಮ್ಮನೇ, ನಾನಲ್ಲ. ನಿಜ ಹೇಳ್ತೀನಿ, ನನಗೆ ಒಳಗೊಳಗೇ ಖುಷಿಯೂ ಆಯ್ತು, ಹೊಟ್ಟೆಯಲ್ಲಿ ಸಂಕಟವೂ ಆಯ್ತು. ಖುಷಿ ಯಾಕಂದ್ರೆ ನಾವು ಯಲಹಂಕದಲ್ಲಿ ಒಂದು ಹೊಸ ಫ್ಲ್ಯಾಟ್ ನೋಡಿಟ್ಟಿದ್ದೇವೆ, ಡೌನ್ ಪೇಮೆಂಟಿಗೆ ಹಣ ಸಾಲದು. ಅಮ್ಮ ಹೇಗೂ ನಮ್ಮ ಜೊತೆ ಬರ್ತಾರೆ, ಆ ದುಡ್ಡು ಈ ಮನೆಗೆ ಸೇರುತ್ತೆ ಅಂತ ನಾನೂ ಗಂಡನೂ ಎಕ್ಸೆಲ್ ಶೀಟೇ ಮಾಡಿದ್ದೆವು. ಅಮ್ಮನನ್ನು ಕೇಳಿರಲಿಲ್ಲ, ಅಷ್ಟೇ.

ಯಶವಂತಪುರದಿಂದ ರೈಲು ಹತ್ತಿದೆ. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ. ಚಿಕ್ಕವಳಿದ್ದಾಗ ಎಣಿಸ್ತಿದ್ದೆ. ಈ ಸಲ ಕೂತು ಕಾಗದಪತ್ರದ ಪಟ್ಟಿ ಮಾಡಿದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ವಯಸ್ಸಿನವರಿಗೆಲ್ಲ ಇವತ್ತಲ್ಲ ನಾಳೆ ಇದು ಬರೋದೇ. ಅಪ್ಪ ವಿಲ್ ಬರೆದಿರಲಿಲ್ಲ. ‘ಅಮ್ಮನ ಮನೆ’ ಅಂತ ನಾವು ಬಾಯಲ್ಲಿ ಹೇಳ್ತೇವೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹಾಗೆ ಹೇಳೋದಿಲ್ಲ. ಅಜ್ಜಿ ಮೊದಲೇ ಹೋಗಿದ್ದರಿಂದ ಅಮ್ಮ, ನಾನು, ಮಸ್ಕತ್‌ನಲ್ಲಿರುವ ತಮ್ಮ, ಮೂವರಿಗೂ ಸಮಪಾಲು. ಮೂವರ ಸಹಿಯೂ ಬೇಕು. ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಅದನ್ನು ನಮ್ಮ ಹೆಸರಿಗೆ ಮಾಡಿಸಿ, ಇ-ಖಾತಾ ತಗೊಂಡ ಮೇಲೇ ಮಾರಾಟದ ನೋಂದಣಿ. ತಮ್ಮ ಬರೋಕಾಗದಿದ್ದರೆ ಅಲ್ಲಿನ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಕಳಿಸಬೇಕು.

ತೆರಿಗೆಯಲ್ಲೂ ಮೂವರೂ ಒಂದೇ ಅಲ್ಲ. 2001ರ ಏಪ್ರಿಲ್‌ಗಿಂತ ಹಿಂದೆ ಕೊಂಡ ಮನೆಯಾದ್ದರಿಂದ ಆ ದಿನದ ಮಾರುಕಟ್ಟೆ ಬೆಲೆಯನ್ನು ಮೂಲ ಬೆಲೆ ಅಂತ ಇಟ್ಕೊಳ್ಳಬಹುದು. ನಾನು, ಅಮ್ಮ ಶೇ 12.5ರ ಲೆಕ್ಕ ಅಥವಾ ಹಣದುಬ್ಬರ ಸೇರಿಸಿ ಶೇ 20ರ ಲೆಕ್ಕ, ಯಾವುದು ಕಡಿಮೆಯೋ ಅದನ್ನು ಆರಿಸ್ಕೊಳ್ಳಬಹುದು. ಅನಿವಾಸಿ ತಮ್ಮನಿಗೆ ಆ ಆಯ್ಕೆ ಇಲ್ಲ, 12.5 ಮಾತ್ರ. ಫೋನಲ್ಲಿ ಹೇಳಿದಾಗ ‘ನಾನೇನು ಪಾಪ ಮಾಡಿದ್ದೆ’ ಅಂದ. ಒಬ್ಬ ಒಳ್ಳೆ ಸಿ.ಎ. ಹಿಡಿಯಿರಿ, ಯೂಟ್ಯೂಬ್ ನೋಡಿ ಮನೆ ಮಾರಬೇಡಿ.

ಮೊದಲು ಮನೆ ನೋಡೋಕೆ ಬಂದದ್ದು ಒಬ್ಬ ಹಿರಿಯರು, ನಿವೃತ್ತ ಇಂಜಿನಿಯರ್. ನೆಲ ನೋಡಲಿಲ್ಲ, ಬಾಗಿಲು ನೋಡಲಿಲ್ಲ. ಕೊಡೆಯ ತುದಿಯಿಂದ ಚಾವಣಿ ತಟ್ಟುತ್ತಾ ಹೋದರು. ಪಶ್ಚಿಮದ ಕೋಣೆಯಲ್ಲಿ ‘ಟಕ್ ಟಕ್’ ಹೋಗಿ ‘ಡಬ್ ಡಬ್’ ಬಂತು. ‘ನೋಡಿಮ್ಮಾ, ಉಪ್ಪು ಗಾಳಿ’ ಅಂದರು. ಸಮುದ್ರದ ಉಪ್ಪು ನಿಧಾನಕ್ಕೆ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣ ಮುಟ್ಟುತ್ತೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತೆ, ಉಬ್ಬಿ ಸುತ್ತಲಿನ ಕಾಂಕ್ರೀಟನ್ನೇ ಒಡೆಯುತ್ತೆ. ಅದರ ಮೇಲೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಬೆಂಗಳೂರಿನ ಮೂರು ಪಟ್ಟಿಗಿಂತ ಹೆಚ್ಚು! ಆ ಕೋಣೆಗೆ ಪ್ರತಿ ದೀಪಾವಳಿಗೆ ಬಣ್ಣ ಹೊಡೆಸ್ತಿದ್ದೆವು, ಒಳಗೇನಾಗ್ತಿದೆ ಅಂತ ಯಾರೂ ತಟ್ಟಿ ನೋಡಿರಲಿಲ್ಲ. ಇಷ್ಟು ಹಳೇ ಕಟ್ಟಡಕ್ಕೆ ಬ್ಯಾಂಕ್ ಸಾಲ ಸಿಗೋದೂ ಕಷ್ಟ ಅಂದರು. ಸಾಲದ ಅವಧಿ ಮುಗಿಯೋವರೆಗೂ ಕಟ್ಟಡ ನಿಲ್ಲುತ್ತಾ ಅಂತ ಅವರು ನೋಡ್ತಾರಂತೆ. ಕೊಳ್ಳೋರಿಗೆ ನಿಜವಾಗಿ ಸಿಗೋದು ಜಾಗದಲ್ಲಿ ಹನ್ನೆರಡರಲ್ಲೊಂದು ಪಾಲು. ಕದ್ರಿಯಲ್ಲಿ ಅದಕ್ಕೇ ಬೆಲೆ.

ಅವರು ಹೋದ ಮೇಲೆ ನಾನು ಮೊಸಾಯಿಕ್ ನೆಲದ ಮೇಲೆ ಕಾಲು ಚಾಚಿ ಕೂತೆ. ‘ಬೇಡಮ್ಮ, ಇಟ್ಕೊಳ್ಳೋಣ, ರಿಪೇರಿ ಮಾಡ್ಸೋಣ’ ಅಂದೆ. ಅಮ್ಮ ಅಡುಗೆಮನೆಯಿಂದ ಖಾಲಿ ಸಿಲಿಂಡರ್ ತೋರಿಸಿದರು. ‘ಹುಡುಗ ಮೂರನೇ ಮಹಡಿಗೆ ಅಂದ್ರೆ ಗೊಣಗ್ತಾನೆ. ಪಾರ್ಕಿಗೆ ಹೋಗಿ ಮೂರು ತಿಂಗಳಾಯ್ತು ಕಣೇ. ಕಿಟಕಿಯಿಂದ ಕಾಣುತ್ತೆ ಅಷ್ಟೇ. ಇಳಿದರೆ ಹತ್ತಬೇಕಲ್ಲ.’

ನಾನು ಯಲಹಂಕದ ಬ್ರೋಷರ್ ತೆಗೆದೆ. ಎರಡು ಲಿಫ್ಟ್, ಪವರ್ ಬ್ಯಾಕಪ್, ‘ಪಾರ್ಕ್ ಫೇಸಿಂಗ್’. ಅಮ್ಮ ಕನ್ನಡಕ ಹಾಕ್ಕೊಂಡು ಚಿತ್ರ ಹಿಗ್ಗಿಸಿ ನೋಡಿದರು. ‘ಇದು ಕಾರ್ ನಿಲ್ಲಿಸೋ ಜಾಗದ ತಾರಸಿ ಮೇಲೆ ಹಾಸಿದ ಹುಲ್ಲಲ್ವಾ?’ ಹೌದು, ಅದೇ.

ಆಮೇಲೆ ಮೆಲ್ಲಗೆ ಹೇಳಿದರು. ಇದೇ ರಸ್ತೆಯಲ್ಲಿ ಎರಡು ಕಟ್ಟಡ ಆಚೆ ನೆಲಮಹಡಿಯಲ್ಲಿ ಒಂದು ಸಣ್ಣ ಮನೆ ಇದೆಯಂತೆ. ಒಂದೇ ಬೆಡ್‌ರೂಮು. ಅವರ ಪಾಲಿನ ದುಡ್ಡಿಗೆ ಹತ್ತಿರ ಹತ್ತಿರ ಆಗುತ್ತಂತೆ. ಓನರ್ ಜೊತೆ ಮಾತೂ ಆಡಿ ಆಗಿದೆ. ‘ಬೆಂಗಳೂರಿಗೆ ಬರ್ತೀನಿ, ತಿಂಗಳು ಇರ್ತೀನಿ. ಆದ್ರೆ ಹೆಬ್ಬಾಳದ ಫ್ಲೈಓವರ್ ನೋಡ್ಕೊಂಡು ಕೂರೋಕೆ ಆಗಲ್ಲಮ್ಮ ನನಗೆ.’

ವಾಪಸ್ ಬರುವಾಗ ಎಕ್ಸೆಲ್ ಶೀಟಿನಲ್ಲಿ ಒಂದು ಸಾಲು ಅಳಿಸಿದೆ. ನನ್ನ ಪಾಲು ಮಾತ್ರ ಲೆಕ್ಕಕ್ಕೆ ಹಿಡಿದರೆ ಯಲಹಂಕದ ಮೂರು ಬೆಡ್‌ರೂಮು ಆಗಲ್ಲ, ಎರಡು ಆಗಬಹುದು, ಅದೂ ಇನ್ನೆರಡು ವರ್ಷ ಬಿಟ್ಟು. ಗಂಡ ಒಂದು ದಿನ ಮಾತು ಕಡಿಮೆ ಮಾಡಿದರು. ಮರುದಿನ ಅವರೇ ‘ಅತ್ತೆಗೆ ಆ ಸಣ್ಣ ಮನೆಯ ಚಾವಣಿ ತಟ್ಟಿ ನೋಡೋಕೆ ಹೇಳು’ ಅಂದರು.

ಜಾಹೀರಾತನ್ನು ಅಮ್ಮನೇ ತಿದ್ದಿ ಹಾಕಿದ್ದಾರೆ. ‘ಗಟ್ಟಿಮುಟ್ಟಾದ’ ಹೋಗಿದೆ. ‘ಲಿಫ್ಟ್ ಇಲ್ಲ. ಪಶ್ಚಿಮದ ಕೋಣೆ ಚಾವಣಿಗೆ ರಿಪೇರಿ ಬೇಕು. ಮಳೆಗಾಲದಲ್ಲಿ ಒಂದು ಕಿಟಕಿ ಸೋರುತ್ತದೆ’ ಅಂತ ಸೇರಿದೆ. ‘ಹೀಗೆ ಬರೆದರೆ ಯಾರಮ್ಮಾ ಬರ್ತಾರೆ’ ಅಂತ ರೇಗಿದೆ. ಮೂರು ಫೋನ್ ಬಂದಿವೆಯಂತೆ. ಒಬ್ಬ ಹುಡುಗಿ ಬೆಲೆ ಕೇಳುವ ಮೊದಲು ಯಾವ ಕಿಟಕಿ ಸೋರೋದು ಅಂತ ಕೇಳಿದಳಂತೆ. ಅವಳ ಜೊತೆ ಅಮ್ಮ ಇಪ್ಪತ್ತು ನಿಮಿಷ ಮಾತಾಡಿದ್ದಾರೆ. ಶನಿವಾರ ಬರ್ತಾಳೆ.