ಕಡೇ ರೀಲಿನ ಗುಟ್ಟು

ಸಿನಿಮಾದಲ್ಲಿ ದತ್ತು ಎಷ್ಟು ಸಲೀಸು ನೋಡಿ! ಗುಡಿ ಮೆಟ್ಟಿಲ ಮೇಲೆ ಕೂಸು ಅಳುತ್ತೆ, ಅಮ್ಮ ಎತ್ತಿಕೊಳ್ತಾಳೆ, ಒಂದು ಹಾಡು ಮುಗಿಯೋದ್ರೊಳಗೆ ಹೀರೋ ರೆಡಿ!

ನಿಟ್ಟೂರಿನ ಓದುಗ ಮಿತ್ರರೊಬ್ಬರು ಅಣ್ಣ-ಅತ್ತಿಗೆಗಾಗಿ ನನ್ನನ್ನು ಕೇಳಿದ್ದಾರೆ: 'ದುಡ್ಡು ಕೊಟ್ರೆ ಯಾರೋ ಕೂಸು ಕೊಡಿಸ್ತಾರಂತೆ. ತಗೋಬಹುದಾ?'

ಬೇಡಿ ಮಾರಾಯ್ರೆ! 2015ರ ಬಾಲನ್ಯಾಯ ಕಾಯ್ದೆಯಂತೆ ಮಗುವನ್ನು ಮಾರಿದವರಿಗೂ ಕೊಂಡವರಿಗೂ 5 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ. ಎದೆಗಪ್ಪಿಕೊಂಡ ಕೂಸೂ ಕೈತಪ್ಪೀತು.

ನೇರ ದಾರಿ ಇದೆ. ಕೇಂದ್ರ ಸರ್ಕಾರದ 'ಕಾರಾ' ಸಂಸ್ಥೆಯಲ್ಲಿ ಇಂಟರ್‌ನೆಟ್ ಮೂಲಕ ಹೆಸರು ಬರೆಸಬೇಕು. ಗೊತ್ತಾಗದಿದ್ದರೆ ಶಿವಮೊಗ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ. ಸಮಾಜ ಕಾರ್ಯಕರ್ತರು ಮನೆಗೇ ಬಂದು ವಿಚಾರಿಸ್ತಾರೆ. ಸರದಿ ಬರೋದಕ್ಕೆ ವರ್ಷಗಳೇ ಹಿಡಿದಾವು, ತಾಳ್ಮೆ ಬೇಕು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡೋದು ಕೋರ್ಟಲ್ಲ, ಜಿಲ್ಲಾಧಿಕಾರಿ.

ಇನ್ನೊಂದು ಮಾತು. 'ನಾನು ನಿನ್ನ ಹೆತ್ತವಳಲ್ಲ' ಅಂತ ಕಡೇ ರೀಲಿನಲ್ಲಿ ತಾಯಿ ಅತ್ತರೆ ಥಿಯೇಟರಿನಲ್ಲಿ ಚಪ್ಪಾಳೆ. ಅದೇ ಗುಟ್ಟನ್ನು ಮದುವೆಮನೆಯಲ್ಲಿ ಯಾರೋ ನೆಂಟರು ಬಾಯಿಬಿಟ್ಟರೆ? ಆ ಹುಡುಗನ ಗತಿ ಏನು? ಕಥೆ ಹೇಳುವ ವಯಸ್ಸಿನಲ್ಲೇ, ತೊಡೆ ಮೇಲೆ ಕೂರಿಸಿಕೊಂಡು, ನೀವೇ ಹೇಳಿಬಿಡಿ: 'ನೀನು ನಾವು ಕಾದು ಕಾದು ಪಡೆದ ಮಗು.'