ಮಗಳಿಗೊಂದು ಗಿಟಾರು

ಅಂಕಣ: ಕೊಳ್ಳುವ ಮುನ್ನ



ಮಿಕ್ಸಿ, ಕುಕ್ಕರು, ಹೊಲಿಗೆ ಯಂತ್ರಗಳ ಬಗ್ಗೆ ಬರುವ ಕಾಗದಗಳ ನಡುವೆ ಈ ಸಲ ಬೇರೆ ಬಗೆಯದೊಂದು ಬಂದಿದೆ. ಬರೆದವರು ಹೊಸಪೇಟೆ ಹತ್ತಿರದ ಪಾಪಿನಾಯಕನಹಳ್ಳಿಯ ಒಬ್ಬ ಗೃಹಿಣಿ. ಎಂಟನೇ ತರಗತಿಯಲ್ಲಿರುವ ಮಗಳು ಗಿಟಾರು ಬೇಕೆಂದು ಒಂದು ವರ್ಷದಿಂದ ಕೇಳುತ್ತಿದ್ದಾಳಂತೆ. ಚೀಟಿ ಹಣ ಎಂಟು ಸಾವಿರ ಈಗ ಕೈಗೆ ಬಂದಿದೆ. ಅತ್ತೆಯವರು "ಅದೇನು ನಮ್ಮ ವಾದ್ಯಾನೇನವ್ವ, ಸಿನಿಮಾದೋರದ್ದು" ಅನ್ನುತ್ತಾರೆ. ಯಜಮಾನರು ಪಕ್ಕದ ಮನೆ ತೋರಿಸುತ್ತಾರೆ: ಅಲ್ಲಿನ ಹುಡುಗ ಎರಡು ವರ್ಷದ ಹಿಂದೆ ಹಟ ಮಾಡಿ ತರಿಸಿಕೊಂಡ ಗಿಟಾರು ಒಂದೇ ತಿಂಗಳಿಗೆ ಅಟ್ಟ ಸೇರಿತು. "ನಮಗೆ ಸಂಗೀತದ ಗಂಧವಿಲ್ಲ. ಅಂಗಡಿಯವರು ಕೊಟ್ಟಿದ್ದನ್ನು ತರಬೇಕಷ್ಟೆ. ಹಣ ದಂಡವಾಗದ ಹಾಗೆ ಆರಿಸುವುದು ಹೇಗೆ?" ಎಂದು ಕೇಳಿದ್ದಾರೆ.

ಸೋದರಿ, ಧೈರ್ಯ ತಂದುಕೊಳ್ಳಿ. ತೆಂಗಿನಕಾಯಿ ತಟ್ಟಿ ನೋಡಿ ಆರಿಸುವವರು ನೀವು. ಗಿಟಾರು ಆರಿಸಲು ನುಡಿಸಲು ಬರಬೇಕೆಂದೇನಿಲ್ಲ. ಎರಡು ನಾಣ್ಯ, ಒಂದು ಹೊಲಿಗೆ ಟೇಪು, ಕಣ್ಣು ಕಿವಿ ಇದ್ದರೆ ಸಾಕು.

ಅಟ್ಟ ಸೇರುವುದು ಯಾಕೆ?

ಮಕ್ಕಳು ಗಿಟಾರು ಬಿಟ್ಟರೆ ನಾವು "ಸೋಮಾರಿ" ಅಂತೀವಿ, "ಇವನಿಗೆ ಸಂಗೀತ ಹತ್ತಲಿಲ್ಲ" ಅಂತೀವಿ. ಆದರೆ ಎಷ್ಟೋ ಸಲ ತಪ್ಪು ಮಗುವಿನದಲ್ಲ, ವಾದ್ಯದ್ದು. ತೀರಾ ಅಗ್ಗದ ಗಿಟಾರುಗಳಲ್ಲಿ ತಂತಿ ಮರದಿಂದ ತುಂಬ ಎತ್ತರದಲ್ಲಿ ನಿಂತಿರುತ್ತದೆ. ಉಕ್ಕಿನ ತಂತಿಯನ್ನು ಅಷ್ಟು ಎತ್ತರದಿಂದ ಒತ್ತಬೇಕಾದರೆ ದೊಡ್ಡವರಿಗೇ ಬೆರಳು ಕೊರೆಯುತ್ತದೆ. ಜೊತೆಗೆ ಶ್ರುತಿಯೂ ನಿಲ್ಲದಿದ್ದರೆ, ಮಗು ಸರಿಯಾಗಿ ಒತ್ತಿದರೂ ಬರುವುದು ಅಪಸ್ವರವೇ. ಹೀಗಾದರೆ ಯಾರು ತಾನೇ ಕಲಿತಾರು?

ಆದ್ದರಿಂದ ನಮ್ಮ ಹಣ ಹೋಗಬೇಕಾದ್ದು ಬಣ್ಣಕ್ಕಲ್ಲ, ಹೊಳಪಿಗಲ್ಲ. ಸುಲಭವಾಗಿ ಒತ್ತಲು ಬರಬೇಕು, ಶ್ರುತಿ ನಿಲ್ಲಬೇಕು. ಈ ಎರಡಕ್ಕೆ ಮಾತ್ರ ಹಣ ಕೊಡಿ.

ಮೊದಲು ಹೆಸರುಗಳು

ವೀಣೆ, ತಂಬೂರಿ ನೋಡಿದವರಿಗೆ ಗಿಟಾರು ಹೊಸದಲ್ಲ. ತಂತಿ ಸುತ್ತಿ ಬಿಗಿಯುವ ಬಿರಡೆಗೆ ಅಂಗಡಿಯಲ್ಲಿ 'ಕೀ' ಅನ್ನುತ್ತಾರೆ. ಮೆಟ್ಟಿಲಿಗೆ 'ಫ್ರೆಟ್', ಕುದುರೆಗೆ 'ಬ್ರಿಡ್ಜ್', ಉದ್ದನೆಯ ಕತ್ತಿಗೆ 'ನೆಕ್'. ಕತ್ತಿನ ತುದಿಯಲ್ಲಿ ತಂತಿ ಕೂರುವ ಸಣ್ಣ ಪಟ್ಟಿ 'ನಟ್', ಕುದುರೆಯ ಮೇಲಿನ ಬಿಳಿ ಪಟ್ಟಿ 'ಸ್ಯಾಡಲ್'. ಇಷ್ಟು ಮಾತು ಗೊತ್ತಿದ್ದರೆ ಅಂಗಡಿಯಲ್ಲಿ ಯಾರೂ ನಿಮ್ಮನ್ನು ಹಗುರವಾಗಿ ಕಾಣುವುದಿಲ್ಲ.

ನೈಲಾನೋ, ಉಕ್ಕೋ?

ಗಿಟಾರಿನಲ್ಲಿ ಮುಖ್ಯವಾಗಿ ಎರಡು ಜಾತಿ. ಕ್ಲಾಸಿಕಲ್ ಎಂಬುದಕ್ಕೆ ನೈಲಾನ್ ತಂತಿ. ಬೆರಳಿಗೆ ಮೃದು, ದನಿಯೂ ಮೆತ್ತಗೆ. ಆದರೆ ಕತ್ತು ಅಗಲ. ಇನ್ನೊಂದಕ್ಕೆ ಉಕ್ಕಿನ ತಂತಿ. ಕತ್ತು ಸಣ್ಣದು, ದನಿ ದೊಡ್ಡದು. ಹಾಡಿಗೆ ಜೊತೆ ಕೊಡಲು ಸಾಮಾನ್ಯವಾಗಿ ಇದನ್ನೇ ಬಳಸುತ್ತಾರೆ. ಕಲಿಸುವ ಮೇಷ್ಟ್ರು ಯಾವುದರಲ್ಲಿ ಪಾಠ ಮಾಡುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ.

ಒಂದು ಎಚ್ಚರಿಕೆ. ನೈಲಾನ್ ಗಿಟಾರಿಗೆ ಉಕ್ಕಿನ ತಂತಿ ಹಾಕಲೇಬಾರದು. ಉಕ್ಕಿನ ಆರು ತಂತಿಗಳ ಒಟ್ಟು ಎಳೆತ 70 ಕಿಲೋ ಆಸುಪಾಸು. ಅಷ್ಟು ಭಾರಕ್ಕೆ ನೈಲಾನ್ ಗಿಟಾರಿನ ಕುದುರೆ ಕಿತ್ತು ಬರಬಹುದು, ಕತ್ತು ಬಾಗಬಹುದು.

ಅಳತೆಯ ವಿಷಯ. ಆರರಿಂದ ಎಂಟು ವರ್ಷದ ಮಗುವಿಗೆ 34 ಇಂಚಿನದು, ಒಂಬತ್ತರಿಂದ ಹನ್ನೊಂದಕ್ಕೆ 36 ಇಂಚಿನದು, ಹನ್ನೆರಡು ದಾಟಿದವರಿಗೆ 38ರಿಂದ 41 ಇಂಚಿನದು. ವಯಸ್ಸಿಗಿಂತ ಮೈಕಟ್ಟು ಮುಖ್ಯ. ಮಗಳನ್ನು ಕೂರಿಸಿ ತೊಡೆಯ ಮೇಲೆ ಇಟ್ಟು ನೋಡಿ. ಬಲಭುಜ ಮೇಲಕ್ಕೆ ಸೆಟೆದುಕೊಂಡರೆ ಆ ಹೊಟ್ಟೆ ಅವಳಿಗೆ ದೊಡ್ಡದು. ಬೆಳೆಯುವ ಮಗು ಅಂತ ಲಂಗ ಉದ್ದ ಹೊಲಿಸಬಹುದು. ವಾದ್ಯ ಹಾಗೆ ಕೊಳ್ಳುವುದು ಬೇಡ.

ಮರ ಎಂಥದು?

ಗಿಟಾರಿನ ದನಿ ಹುಟ್ಟುವುದು ಹೆಚ್ಚಾಗಿ ಮುಂದಿನ ಹಲಗೆಯಿಂದ. ಅದು ಒಂದೇ ಮರದ ಹಲಗೆಯಾಗಿರಬಹುದು, ಇಲ್ಲವೇ ಪ್ಲೈವುಡ್ಡಿನ ಹಾಗೆ ಪದರ ಪದರ ಅಂಟಿಸಿದ್ದಿರಬಹುದು. ನಡುವಿನ ದುಂಡು ತೂತಿನ ಅಂಚನ್ನು ಗಮನಿಸಿ. ಮೇಲಿನ ಮರದ ಗೆರೆಗಳು ಅಂಚಿನಲ್ಲೂ ಹಾಗೇ ಇಳಿದಿದ್ದರೆ ಒಂಟಿ ಹಲಗೆ. ಅಂಚಿನಲ್ಲಿ ಪದರ ಕಂಡರೆ ಅಂಟಿಸಿದ್ದು.

ಒಂಟಿ ಹಲಗೆಯ ದನಿ ಚೆನ್ನ, ವರ್ಷ ಕಳೆದ ಹಾಗೆ ಇನ್ನೂ ಅರಳುತ್ತದೆ. ಆದರೆ ಬೆಲೆ ಹೆಚ್ಚು. ಬಿರುಬಿಸಿಲಿನ ಒಣಹವೆಗೆ ಬಿರಿಯುವ ಭಯವೂ ಹೆಚ್ಚು. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಹೊಸಪೇಟೆ ಸೀಮೆಯಲ್ಲಿ ಮೊದಲ ಗಿಟಾರಿಗೆ ಪದರದ ಹಲಗೆಯೇ ಸಾಕು. ಅದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ.

ಅಂಗಡಿಯಲ್ಲಿ ಆರು ಪರೀಕ್ಷೆ

1. ನಾಣ್ಯದ ಪರೀಕ್ಷೆ. ಕತ್ತಿನ ತುದಿಯಿಂದ ಹನ್ನೆರಡನೆಯ ಮೆಟ್ಟಿಲು ಎಣಿಸಿ. ಸಾಮಾನ್ಯವಾಗಿ ಅಲ್ಲಿ ಎರಡು ಚುಕ್ಕೆ ಇರುತ್ತದೆ. ಈಗಿನ ಸಣ್ಣ ಒಂದು ರೂಪಾಯಿ ನಾಣ್ಯ ಸುಮಾರು ಒಂದೂವರೆ ಮಿಲಿಮೀಟರು ದಪ್ಪ. ಮೆಟ್ಟಿಲಿನ ಮೇಲೆ, ತಂತಿಯ ಕೆಳಗೆ ಒಂದು ನಾಣ್ಯ ಸಲೀಸಾಗಿ ತೂರಬೇಕು. ಒಂದರ ಮೇಲೊಂದು ಎರಡು ನಾಣ್ಯ ಇಟ್ಟರೂ ಉಕ್ಕಿನ ತಂತಿಗೆ ತಾಗದೆ ತೂರಿದರೆ ಅದು ಎತ್ತರ ಜಾಸ್ತಿ. ನೈಲಾನ್ ತಂತಿಗೆ ಇದಕ್ಕಿಂತ ಸ್ವಲ್ಪ ಹೆಚ್ಚಿದ್ದರೂ ನಡೆಯುತ್ತದೆ.

2. ಟೇಪಿನ ಪರೀಕ್ಷೆ. ನಟ್ಟಿನಿಂದ ಹನ್ನೆರಡನೆಯ ಮೆಟ್ಟಿಲಿಗೆ ಎಷ್ಟಿದೆ ಅಳೆಯಿರಿ. ಅದರ ಎರಡರಷ್ಟು ಕುದುರೆಯ ಬಿಳಿ ಪಟ್ಟಿಗೆ ಬರಬೇಕು. ಎರಡು ಮೂರು ಮಿಲಿಮೀಟರು ಜಾಸ್ತಿ ಇದ್ದರೆ ಸರಿಯೇ, ಬೇಕೆಂದೇ ಹಾಗೆ ಇಟ್ಟಿರುತ್ತಾರೆ. ಅರ್ಧ ಇಂಚು ವ್ಯತ್ಯಾಸವಿದ್ದರೆ ಆ ಗಿಟಾರು ಎಂದಿಗೂ ಶ್ರುತಿಗೆ ಬಾರದು.

3. ಕಣ್ಣಿನ ಪರೀಕ್ಷೆ. ಲಟ್ಟಣಿಗೆ ಸೊಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತೇವಲ್ಲ, ಹಾಗೆ ಕತ್ತಿನ ಉದ್ದಕ್ಕೂ ನೋಡಿ. ತಿರುಚಿರಬಾರದು. ಕತ್ತಿನೊಳಗೆ ಸರಿಮಾಡುವ ಕಬ್ಬಿಣದ ಸರಳು, ಅಂದರೆ 'ಟ್ರಸ್ ರಾಡ್' ಇದೆಯೇ ಎಂದು ಕೇಳಿ. ಉಕ್ಕಿನ ತಂತಿಯದಕ್ಕೆ ಇದು ಇರಲೇಬೇಕು.

4. ಬೆರಳಿನ ಪರೀಕ್ಷೆ. ಕತ್ತಿನ ಎರಡೂ ಅಂಚಿನ ಮೇಲೆ ಬೆರಳಾಡಿಸಿ. ಮೆಟ್ಟಿಲಿನ ತಂತಿತುದಿ ಚುಚ್ಚಿದರೆ ಬೇಡ. ಬೇಸಿಗೆಯಲ್ಲಿ ಮರ ಕುಗ್ಗಿ ಇನ್ನಷ್ಟು ಚುಚ್ಚುತ್ತದೆ.

5. ಕಿವಿಯ ಪರೀಕ್ಷೆ. ಅಂಗಡಿಯವರಿಂದ ಶ್ರುತಿ ಮಾಡಿಸಿ, ಒಂದೊಂದು ತಂತಿಯನ್ನೂ ಒಂದೊಂದು ಮೆಟ್ಟಿಲಿನಲ್ಲಿ ಒತ್ತಿ ಮೀಟಿ. ಜೀರುಂಡೆಯಂತೆ 'ಜರ್' ಎನ್ನಬಾರದು. ತಂತಿಯನ್ನು ಬಿಟ್ಟು ಮೀಟಿದಾಗ ಬರುವುದು ಷಡ್ಜವಾದರೆ, ಹನ್ನೆರಡನೆಯ ಮೆಟ್ಟಿಲಿನಲ್ಲಿ ಬರುವುದು ತಾರಷಡ್ಜ. ಎರಡೂ ಕಿವಿಗೆ ಹೊಂದಬೇಕು.

6. ಕುದುರೆಯ ಪರೀಕ್ಷೆ. ಕುದುರೆ ಮತ್ತು ಹಲಗೆಯ ನಡುವೆ ಕಾಗದದ ಚೂರು ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಡುತ್ತಿದೆ ಎಂದರ್ಥ. ಬಿರಡೆಗಳು ಗಡಸಾಗದೆ, ಸಡಿಲವೂ ಆಗದೆ ತಿರುಗಬೇಕು.

ಇದೆಲ್ಲ ಮುಗಿದ ಮೇಲೆ ಮಗಳ ಕೈಗೇ ಕೊಡಿ. ಮೊದಲ ಮೂರು ಮೆಟ್ಟಿಲಿನಲ್ಲಿ ಅವಳು ಒತ್ತಲಿ. ಪಾಠ ಶುರುವಾಗುವುದೇ ಅಲ್ಲಿ. ಒತ್ತಲು ಹಲ್ಲು ಕಚ್ಚಬೇಕಾದರೆ ಇನ್ನೊಂದು ತೋರಿಸಿ ಅನ್ನಿ. ಒಂದೇ ಕಂಪನಿಯ, ಒಂದೇ ಬೆಲೆಯ ಎರಡು ಗಿಟಾರು ಒಂದೇ ಸಮ ಇರುವುದಿಲ್ಲ. ಎರಡು ಮೂರು ಇಳಿಸಲು ಹೇಳಿ, ನಾಚಿಕೆ ಬೇಡ. ಸೀರೆ ಅಂಗಡಿಯಲ್ಲಿ ಇಪ್ಪತ್ತು ಇಳಿಸುತ್ತೇವಲ್ಲ!

ಎಂಟು ಸಾವಿರದ ಲೆಕ್ಕ

ಎಂಟೂ ಸಾವಿರವನ್ನು ವಾದ್ಯಕ್ಕೇ ಸುರಿಯಬೇಡಿ. ಐದೂವರೆಯಿಂದ ಆರೂವರೆ ಸಾವಿರ ಗಿಟಾರಿಗೆ ಇಡಿ. ಉಳಿದದ್ದರಲ್ಲಿ ದಪ್ಪ ಹತ್ತಿಯ ಒಳಪದರವಿರುವ ಚೀಲ, ಒಂದು ಜೊತೆ ತಂತಿ, ಮತ್ತು ತಿಳಿದವರಿಂದ ತಂತಿಯ ಎತ್ತರ ಸರಿಮಾಡಿಸುವ ಕೂಲಿ. ಸ್ಯಾಡಲನ್ನು ತಳದಲ್ಲಿ ಒಂದು ಮಿಲಿಮೀಟರು ಉಜ್ಜಿದರೆ ಹನ್ನೆರಡನೆಯ ಮೆಟ್ಟಿಲಿನಲ್ಲಿ ತಂತಿ ಅರ್ಧ ಮಿಲಿಮೀಟರು ಇಳಿಯುತ್ತದೆ. ಈ ಸಣ್ಣ ಕೆಲಸಕ್ಕೆ ಕೊಟ್ಟ ಹಣ ಮಗಳ ಬೆರಳನ್ನು ಉಳಿಸುತ್ತದೆ.

ಎರಡು ಮೂರು ಸಾವಿರದ ಹೊಳೆಯುವ ಗಿಟಾರುಗಳ ತಂಟೆಗೆ ಹೋಗುವಾಗ ಮೇಲಿನ ಪರೀಕ್ಷೆಗಳನ್ನು ಇನ್ನೂ ಕಟ್ಟುನಿಟ್ಟಾಗಿ ಮಾಡಿ. ಕೋಲ್ಕತ್ತದ ಗಿವ್ಸನ್ ನಮ್ಮಲ್ಲಿ ಹಳೆಯ ಹೆಸರು. ಯಮಹಾದ ಎಫ್ 280 ಎಂಬುದನ್ನು ಕಲಿಯುವವರಿಗೆ ಎಷ್ಟೋ ಮೇಷ್ಟ್ರು ಹೇಳುತ್ತಾರೆ. ಅದಕ್ಕೆ ನಿಮ್ಮ ಹಣದ ಜೊತೆಗೆ ಇನ್ನೂ ಸ್ವಲ್ಪ ಸೇರಿಸಬೇಕಾಗಬಹುದು. ವಿದ್ಯುತ್ತಿಗೆ ಜೋಡಿಸುವ 'ಪಿಕಪ್' ಇರುವುದಕ್ಕೆ ಹೆಚ್ಚು ಹಣ ಕೊಡಬೇಡಿ. ಮನೆಯಲ್ಲಿ ಕಲಿಯುವ ಹುಡುಗಿಗೆ ಅದರ ಕೆಲಸವಿಲ್ಲ.

ಹೊಸಪೇಟೆಯಲ್ಲಿ ಮನಸ್ಸಿಗೆ ಬರದಿದ್ದರೆ ಬಳ್ಳಾರಿ ಇದೆ, ಹುಬ್ಬಳ್ಳಿ ಇದೆ. ಬೆಂಗಳೂರಿಗೆ ಹೇಗೂ ಹಂಪಿ ಎಕ್ಸ್‌ಪ್ರೆಸ್ ಇದೆ. ಫೋನಿನಲ್ಲೇ ತರಿಸುವುದಾದರೆ ವಾಪಸು ಕೊಡುವ ಅವಕಾಶ ಇದೆಯೇ ನೋಡಿಕೊಳ್ಳಿ. ಪೆಟ್ಟಿಗೆ ಬಿಚ್ಚುವಾಗ ವಿಡಿಯೋ ತೆಗೆದಿಟ್ಟು, ಅಂದೇ ಆರೂ ಪರೀಕ್ಷೆ ಮಾಡಿಬಿಡಿ.

ಇನ್ನೊಂದು ಮಾತು. ಪೇಟೆಗೆ ಹೋಗುವ ಮುಂಚೆ ಪಕ್ಕದ ಮನೆಯ ಅಟ್ಟ ಹತ್ತಿ! ಅಲ್ಲಿರುವ ಗಿಟಾರಿಗೇ ಮೊದಲು ಈ ಪರೀಕ್ಷೆ ನಡೆಯಲಿ. ಕತ್ತು ನೆಟ್ಟಗಿದ್ದು, ಟೇಪಿನ ಲೆಕ್ಕ ಸರಿಯಿದ್ದು, ಕುದುರೆ ಭದ್ರವಾಗಿದ್ದು, ತಂತಿ ಮಾತ್ರ ಎತ್ತರವಿದ್ದರೆ ಸ್ಯಾಡಲ್ ಉಜ್ಜಿಸಿ ಹೊಸ ತಂತಿ ಹಾಕಿಸಿದರೆ ಮುಗಿಯಿತು. ಅರ್ಧ ಬೆಲೆಗೆ ಕೇಳಿ ನೋಡಿ. ಅಥವಾ ಆ ಹುಡುಗನಿಗೇ ಸರಿಮಾಡಿಸಿಕೊಳ್ಳಲು ಹೇಳಿ. ಅವನೂ ಸೋಮಾರಿ ಅಲ್ಲದಿರಬಹುದು.

ಮನೆಗೆ ತಂದ ಮೇಲೆ

ಹೊಸ ತಂತಿ ಕೆಲವು ದಿನ ಎಳೆದುಕೊಂಡು ಶ್ರುತಿ ಇಳಿಯುತ್ತಲೇ ಇರುತ್ತದೆ, ಗಾಬರಿ ಬೇಡ. ಭಜನೆಯ ಹಾರ್ಮೋನಿಯಂ ಮನೆಯಲ್ಲಿದ್ದರೆ ಅದಕ್ಕೇ ಕೂಡಿಸಬಹುದು. ದಪ್ಪ ತಂತಿಯಿಂದ ಸಣ್ಣ ತಂತಿಯವರೆಗೆ ಬಿಳಿ 3, ಬಿಳಿ 6, ಬಿಳಿ 2, ಬಿಳಿ 5, ಬಿಳಿ 7, ಮತ್ತೆ ಬಿಳಿ 3. ಬಿಳಿ ಒಂದನ್ನು ಷಡ್ಜ ಅಂದುಕೊಂಡರೆ ಗ, ದ, ರಿ, ಪ, ನಿ, ಗ. ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪುಗಳೂ ಇವೆ.

ಬೆರಳ ತುದಿ ಎರಡು ಮೂರು ವಾರ ನೋಯುವುದು ಸಹಜ, ಆಮೇಲೆ ಗಟ್ಟಿಯಾಗುತ್ತದೆ. ದಿನಕ್ಕೆ ಹದಿನೈದು ನಿಮಿಷದಿಂದ ಶುರುಮಾಡಲಿ. ಮಣಿಕಟ್ಟು ನೋಯುವುದು ಮಾತ್ರ ಸಹಜವಲ್ಲ. ಕೂರುವ ರೀತಿಯನ್ನು ಮೇಷ್ಟ್ರಿಗೆ ತೋರಿಸಿ.

ತಗಡಿನ ಸೂರಿನ ಕೆಳಗೆ, ಬಿಸಿಲು ಬೀಳುವ ಗೋಡೆಗೆ, ನಿಲ್ಲಿಸಿದ ಕಾರಿನೊಳಗೆ ಗಿಟಾರು ಇಡಬೇಡಿ. ಕಾವಿಗೆ ಅಂಟು ಸಡಿಲುತ್ತದೆ. ಮಾರ್ಚಿಯಿಂದ ಮೇ ತನಕ, ಹಳೆಯ ಸೋಪಿನ ಡಬ್ಬಿಗೆ ತೂತು ಮಾಡಿ, ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜನ್ನು ಒಳಗಿಟ್ಟು ಚೀಲದಲ್ಲಿ ಇಡಿ. ನೀರು ಮರಕ್ಕೆ ಸೋಕಬಾರದು. ನಿಮ್ಮ ಕಡೆಯ ಅದಿರಿನ ಕೆಂಪು ಧೂಳಿಗೆ ಹಳೆಯ ಹತ್ತಿ ಸೀರೆಯ ತುಂಡು ಸಾಕು. ನುಡಿಸಿದ ಮೇಲೆ ಪ್ರತಿ ಸಲ ತಂತಿ ಒರೆಸಲಿ. ಕೊಬ್ಬರಿ ಎಣ್ಣೆ ಹಚ್ಚಬೇಡಿ. ಹೆಗಲಿಗೆ ಹಾಕುವ ಪಟ್ಟಿಯನ್ನು ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಹೊಲಿಸಿಕೊಟ್ಟರೆ ಪೇಟೆಯ ಪಟ್ಟಿಗಿಂತ ಚೆಂದ.

ಅತ್ತೆಯವರಿಗೆ ಎರಡು ಮಾತು

ಅಮ್ಮಾ, ಇಂದು ಕಛೇರಿಗಳಲ್ಲಿ ಕಾಣುವ ಪಿಟೀಲೂ ಹೊರಗಿನದೇ. ಭಜನೆಗೆ ಬೇಕೇ ಬೇಕಾದ ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದದ್ದು. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು, 1971ರಲ್ಲಿ ಆ ನಿಷೇಧ ಸಡಿಲಿತು. ಅಷ್ಟು ವರ್ಷವೂ ಜನ ಭಜನೆಯಲ್ಲಿ ಅದನ್ನು ಬಿಡಲಿಲ್ಲ. ಗಿಟಾರನ್ನು ನಮ್ಮ ರಾಗಗಳಿಗೆ ಒಗ್ಗಿಸಿದ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಬಂತು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಜೊತೆಗೇ ಹಾಡುತ್ತಾರೆ.

ಹಂಪಿಯ ಹೊಳೆದಂಡೆಯಲ್ಲಿ ಪುರಂದರದಾಸರ ಹೆಸರಿನ ಮಂಟಪವನ್ನು ನೀವು ನೋಡಿಯೇ ಇರುತ್ತೀರಿ. ಮಕ್ಕಳ ಮೊದಲ ಪಾಠಕ್ಕೆ ಮಾಯಾಮಾಳವಗೌಳ ರಾಗವನ್ನು ಇಟ್ಟವರು ಅವರೇ ಎನ್ನುತ್ತದೆ ನಮ್ಮ ಪರಂಪರೆ. ಆ ಸರಳೆ ಗಿಟಾರಿನ ಒಂದೇ ತಂತಿಯ ಮೇಲೆ ಬರುತ್ತದೆ: ಬಿಟ್ಟ ತಂತಿ ಸ, ಆಮೇಲೆ 1, 4, 5, 7, 8, 11 ಮತ್ತು 12ನೆಯ ಮೆಟ್ಟಿಲುಗಳಲ್ಲಿ ರಿ, ಗ, ಮ, ಪ, ದ, ನಿ, ಸ. ಮೊಮ್ಮಗಳಿಗೆ ಮೊದಲು ಇದನ್ನೇ ನುಡಿಸಲು ಹೇಳಿ. ಅದು ನಮ್ಮ ವಾದ್ಯ ಹೌದೋ ಅಲ್ಲವೋ, ಕೇಳಿದ ಮೇಲೆ ನೀವೇ ಹೇಳಿರಂತೆ.

ಮುಂದಿನ ಸಂಚಿಕೆಯಲ್ಲಿ ಹಳೆಯ ಹೊಲಿಗೆ ಯಂತ್ರ ಕೊಳ್ಳುವ ವಿಚಾರ ನೋಡೋಣ.