ಭೂಕಂಪ: ದಾನವೋ, ದಾಸೋಹವೋ?

ಭಕ್ತ ಬಂಧುಗಳೇ, ಮಠದ ನೆರಳಿನಲ್ಲಿ ಅನ್ನ ಉಂಡು, ಅಕ್ಷರ ಕಲಿತು, ಇಂದು ನಾಡಿನ ನಾನಾ ಕಡೆಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳೇ,

ಕಳೆದ ಜಾತ್ರೆಯ ಮರುದಿನ ಸೇರಿದ ಸದ್ಭಕ್ತರ ಸಭೆಯಲ್ಲಿ, ಪ್ರಸಾದ ನಿಲಯದ ಹಳೆಯ ಕಲ್ಲುಗೋಡೆಗಳನ್ನು ಬಿಗಿಪಡಿಸುವ ವಿಚಾರವನ್ನು ನಾವು ಮುಂದಿಟ್ಟೆವು. ಹೊಸ ಮಹಾದ್ವಾರಕ್ಕೆಂದು ಕೂಡಿರುವ ಹಣವನ್ನು ಮೊದಲು ಈ ಕಾರ್ಯಕ್ಕೆ ವಿನಿಯೋಗಿಸಬೇಕೆಂಬುದು ನಮ್ಮ ಸೂಚನೆಯಾಗಿತ್ತು. ಅದಕ್ಕೆ ಬಂದ ಉತ್ತರಗಳು ಎರಡು. “ಪಾಪ ಹೆಚ್ಚಿದಲ್ಲಿ ಭೂಮಿ ನಡುಗುತ್ತದೆ, ಅದು ಶಿವನ ಇಚ್ಛೆ. ಗೋಡೆ ಬಿಗಿದು ಮಾಡುವುದೇನು?” ಎಂದರು ಒಬ್ಬ ಹಿರಿಯರು. “ಅಂಥದು ಬಂದರೆ ಬರಲಿ ಅಪ್ಪಾವರೇ, ಅಂದು ಲಾರಿಗಟ್ಟಲೆ ಧಾನ್ಯ, ಬಟ್ಟೆ ಕಳಿಸೋಣ. ದಾನಕ್ಕೆ ನಮ್ಮವರು ಎಂದೂ ಹಿಂದೆಗೆದವರಲ್ಲ” ಎಂದರು ಇನ್ನೊಬ್ಬರು. ಇಬ್ಬರೂ ಮಠದ ಮೇಲೆ ಅಪಾರ ಪ್ರೀತಿಯುಳ್ಳವರು. ಆದರೂ ಈ ಎರಡು ಮಾತುಗಳೂ ತಪ್ಪೆಂದು ನಿಷ್ಠುರವಾಗಿ ಹೇಳುವುದು ನಮ್ಮ ಕರ್ತವ್ಯವಾಗಿದೆ.

ನಮ್ಮ ಗಡಿಯಾಚೆಗೇ ನಡೆದ ಸಂಗತಿಯನ್ನು ನೆನೆಯಿರಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಸುಮಾರು ನಾಲ್ಕು ಗಂಟೆಯ ಸಮಯ. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ದಣಿದು ಮಲಗಿದ್ದ ಜನರ ಮೇಲೆ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ, ಅಂದಿನ ಉಸ್ಮಾನಾಬಾದ್, ಇಂದಿನ ಧಾರಾಶಿವ ಜಿಲ್ಲೆಯ ಸಾಸ್ತೂರಿನಲ್ಲಿ, ಸುತ್ತಣ ಹತ್ತಾರು ಹಳ್ಳಿಗಳಲ್ಲಿ ಮನೆಗಳೇ ಕುಸಿದುಬಿದ್ದವು. ಸರ್ಕಾರದ ಲೆಕ್ಕದಂತೆಯೇ ಸುಮಾರು 8 ಸಾವಿರ ಜನ ಅಸುನೀಗಿದರು. ಅದಕ್ಕೂ ಹೆಚ್ಚೆಂದು ಹೇಳಿದವರು ಅನೇಕರು. ಆ ಕಂಪನದ ಪ್ರಮಾಣ 6.2. ಭೂಗೋಳದಲ್ಲಿ ಇದಕ್ಕಿಂತ ದೊಡ್ಡ ಕಂಪನಗಳು ಪ್ರತಿವರ್ಷವೂ ಆಗುತ್ತವೆ. ಎಲ್ಲೆಡೆಯೂ ಇಷ್ಟು ಜನ ಸಾಯುವುದಿಲ್ಲ.

ಹಾಗಾದರೆ ಇಲ್ಲಿ ಕೊಂದದ್ದು ಯಾವುದು? ಎರಡು ಮೂರು ಅಡಿ ದಪ್ಪದ ಕಲ್ಲುಗೋಡೆ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡು ಸಾಲುಗಳನ್ನು ಹಿಡಿದು ನಿಲ್ಲಿಸುವ ಅಡ್ಡಗಲ್ಲು ಮಾತ್ರ ಇಲ್ಲ. ಮೇಲೆ ಕಂಬ, ತೊಲೆ, ಜಂತಿ; ಅದರ ಮೇಲೆ ಮಳೆಗಾಲಕ್ಕೊಮ್ಮೆ ಹಾಕಿ ಹಾಕಿ ಬೆಳೆದ ಮಣ್ಣಿನ ಮಾಳಿಗೆ. ನೆಲ ಅಲುಗಿದೊಡನೆ ಗೋಡೆಯ ಎರಡು ಮೈಗಳೂ ಬೇರೆಬೇರೆಯಾಗಿ ಬಿರಿದವು. ಅದೇ ಊರುಗಳಲ್ಲಿ ಬಡವರ ಗುಡಿಸಲುಗಳು ಬಹುಮಟ್ಟಿಗೆ ನಿಂತೇ ಇದ್ದವು. ಪಾಪವೇ ಕಾರಣವೆನ್ನುವವರು ಇದಕ್ಕೇನು ಹೇಳುತ್ತಾರೆ? ಶಿವನು ಗೋಡೆಯ ದಪ್ಪವನ್ನು ನೋಡಿ ಪಾಪಿಗಳನ್ನು ಆರಿಸುವನೇ? ತೊಟ್ಟಿಲಲ್ಲಿದ್ದ ಹಸುಗೂಸು ಮಾಡಿದ ಪಾಪವಾದರೂ ಯಾವುದು?

ಈ ವಾದ ಹೊಸದೇನೂ ಅಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ಮಹಾಭೂಕಂಪವಾದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದು ಮಹಾತ್ಮಾ ಗಾಂಧೀಜಿಯವರು ಹೇಳಿದರು. ಅಸ್ಪೃಶ್ಯತೆಯನ್ನು ಗಾಂಧೀಜಿಯವರಷ್ಟೇ ದ್ವೇಷಿಸುತ್ತಿದ್ದ ರವೀಂದ್ರನಾಥ ಠಾಕೂರರು ಈ ಮಾತನ್ನು ಮಾತ್ರ ಒಪ್ಪಲಿಲ್ಲ. ಪ್ರಕೃತಿಯ ಘಟನೆಯನ್ನು ನೀತಿಯ ತಕ್ಕಡಿಯಲ್ಲಿ ತೂಗಲಾಗದೆಂದು ಅವರು ಪ್ರತಿಭಟಿಸಿದರು. ಆ ಪ್ರತಿಭಟನೆಯನ್ನು ಗಾಂಧೀಜಿಯವರು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ಅಸ್ಪೃಶ್ಯತೆಯಂಥ ಘೋರ ಪಾಪಕ್ಕೂ ಭೂಕಂಪವನ್ನು ಜೋಡಿಸಬಾರದೆಂದ ಮೇಲೆ, ನೆರೆಯೂರಿನವರ ಮೇಲೆ ನಾವು ಊಹಿಸಿ ಹೊರಿಸುವ ಪಾಪಗಳ ಪಾಡೇನು? ಸತ್ತವರನ್ನು ಪಾಪಿಗಳೆನ್ನುವುದು, ಉಳಿದ ನಮ್ಮನ್ನು ಪುಣ್ಯವಂತರೆಂದು ಹೊಗಳಿಕೊಳ್ಳುವ ಅಡ್ಡದಾರಿಯಷ್ಟೇ ಆಗಿದೆ.

ಇನ್ನು ಎರಡನೆಯ ಮಾತು. ಇದನ್ನು ಖಂಡಿಸುವುದು ಕಷ್ಟ, ಏಕೆಂದರೆ ಇದರ ಮೂಲ ಕರುಣೆ.

ಆಗ ನಾವು ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಗಳು. ವಸತಿ ನಿಲಯದ ಗೆಳೆಯರೆಲ್ಲ ಸೇರಿ ಮನೆಮನೆ ತಿರುಗಿ ಹಳೆಯ ಬಟ್ಟೆಗಳನ್ನು ಕೂಡಿಸಿ ಒಂದು ಲಾರಿಯಲ್ಲಿ ಹೊರಟೆವು. ಹೋಗಿ ನೋಡಿದರೆ ರಸ್ತೆಯ ಇಕ್ಕೆಲಗಳಲ್ಲಿ ಅಂಥವೇ ಬಟ್ಟೆಗಳು ಮಳೆಯಲ್ಲಿ ತೊಯ್ದು ಕೆಸರಾಗಿ ಬಿದ್ದಿದ್ದವು. ಮಗನನ್ನೂ ಸೊಸೆಯನ್ನೂ ಕಳೆದುಕೊಂಡ ಮುದುಕರೊಬ್ಬರು ನಮ್ಮ ಗಂಟುಗಳನ್ನು ನೋಡಿ, “ಅರಿವಿ ಬ್ಯಾಡ ತಮ್ಮಾ. ಹೊಲ ಹಸಿ ಐತಿ. ಎಂಟು ದಿನಕ್ಕ ಒಂದು ಜೋಡಿ ಎತ್ತು, ಒಂದು ಕೂರಿಗಿ ಕೊಡಸ್ತೀರೇನು?” ಎಂದು ಕೇಳಿದರು. ಅದು ಹಿಂಗಾರಿ ಜೋಳದ ಬಿತ್ತನೆಯ ಕಾಲ. ಮಗನ ಮಣ್ಣು ಮುಗಿಸಿದ ಕೈಗಳು ಬಿತ್ತಲು ಹಂಬಲಿಸುತ್ತಿದ್ದವು. ನಮ್ಮ ಲಾರಿಯಲ್ಲಿ ಅವರಿಗೆ ಬೇಕಾದುದು ಏನೂ ಇರಲಿಲ್ಲ. ತಲೆ ತಗ್ಗಿಸಿ ಹಿಂದಿರುಗಿದೆವು. ಓದಿದ ಗ್ರಂಥಗಳಿಂದ ತಿಳಿಯದ ಕಾಯಕದ ಅರ್ಥ ಅಂದು ತಿಳಿಯಿತು.

ಮುಂದೆ ನಡೆದುದನ್ನೂ ವಿಚಾರಿಸಿರಿ. ವಿಶ್ವಬ್ಯಾಂಕಿನ ಸಾಲ ಪಡೆದು, ದಾನಿಗಳ ನೆರವು ಪಡೆದು ಮಹಾರಾಷ್ಟ್ರ ಸರ್ಕಾರವು 52 ಹಳ್ಳಿಗಳನ್ನು ಹಳೆಯ ನೆಲದಿಂದ ಎಬ್ಬಿಸಿ ಬೇರೆಡೆ ಕಟ್ಟಿತು. ಮನೆ ಕಳೆದುಕೊಂಡವರಿಗೆ ಗಟ್ಟಿ ಮನೆ ದೊರೆತದ್ದು ಸಾಮಾನ್ಯ ಸಾಧನೆಯಲ್ಲ. ಅದನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಮನೆಯ ಅಳತೆಯನ್ನು ನಿರ್ಧರಿಸಿದ್ದು ಹೊಲದ ಅಳತೆ. ಭೂಹೀನರಿಗೂ ಅತಿ ಸಣ್ಣ ಹಿಡುವಳಿಯವರಿಗೂ 250 ಚದರ ಅಡಿ, ಮಧ್ಯಮ ರೈತರಿಗೆ 400, ದೊಡ್ಡ ರೈತರಿಗೆ 750. ಭೂಮಿ ಎಲ್ಲರ ಗೋಡೆಗಳನ್ನೂ ಒಂದೇ ಸಮನೆ ಕೆಡವಿದ ಮೇಲೆಯೂ ಮನುಷ್ಯರು ಹಳೆಯ ತಾರತಮ್ಯವನ್ನು ಸಿಮೆಂಟಿನಲ್ಲಿ ಮತ್ತೆ ಎರಕ ಹೊಯ್ದರು! ನಗರದ ಬಡಾವಣೆಯಂತೆ ನೇರ ಸಾಲುಗಳು, ಅಗಲವಾದ ರಸ್ತೆಗಳು; ದನ ಕಟ್ಟಲು, ಮೇವು ಒಟ್ಟಲು, ಸಂಜೆ ನಾಲ್ಕು ಮಂದಿ ಕೂಡಲು ತಕ್ಕ ಜಾಗವೆಲ್ಲಿ ಎಂದು ಒಕ್ಕಲಿನವರನ್ನು ಕೇಳಿದವರು ವಿರಳ. ಮನೆ ಕೊಟ್ಟರು, ಮನೆ ಹೇಗಿರಬೇಕೆಂದು ಹೇಳುವ ಬಾಯನ್ನು ಕೊಡಲಿಲ್ಲ.

ಅದೇ ಯೋಜನೆಯಲ್ಲಿ ಇನ್ನೊಂದು ದಾರಿಯೂ ಇತ್ತು. ಪೂರ್ತಿ ಬೀಳದೆ ಬಿರುಕುಬಿಟ್ಟ ಲಕ್ಷಕ್ಕೂ ಮಿಕ್ಕ ಮನೆಗಳನ್ನು ಇದ್ದ ಜಾಗದಲ್ಲಿಯೇ, ಮನೆಯವರ ಕೈಯಿಂದಲೇ ದುರಸ್ತಿ ಮಾಡಿಸುವ ದಾರಿ ಅದು. ಹಳ್ಳಿಯ ಹೆಣ್ಣುಮಕ್ಕಳು ‘ಸಂವಾದ ಸಹಾಯಕ’ರಾಗಿ ನಿಂತರು. ಹಣದ ಲೆಕ್ಕವನ್ನೂ, ಸಿಮೆಂಟಿನ ಹದವನ್ನೂ, ಅಡ್ಡಗಲ್ಲಿನ ಅಗತ್ಯವನ್ನೂ ಕಲಿತು ನೆರೆಹೊರೆಯವರಿಗೆ ಕಲಿಸಿದರು. 2001ರ ಜನವರಿ 26ರಂದು ಗುಜರಾತಿನ ಕಛ್ ಪ್ರದೇಶದಲ್ಲಿ 7.7 ಪ್ರಮಾಣದ ಕಂಪನವಾದಾಗ, ಇದೇ ಲಾತೂರು ಸೀಮೆಯ ಹೆಣ್ಣುಮಕ್ಕಳು ಅಲ್ಲಿಗೆ ಹೋಗಿ ತಮ್ಮ ಅನುಭವವನ್ನು ಹಂಚಿಕೊಂಡರು. ಕಛ್‌ನಲ್ಲಿ ಬಹುಪಾಲು ಮನೆಗಳನ್ನು ಮನೆಯವರೇ ಕಟ್ಟಿಕೊಂಡರು. ಸರ್ಕಾರ ಹಣವನ್ನು ಕಂತುಗಳಲ್ಲಿ ಕೊಟ್ಟಿತು. ಒಂದು ಹಂತದ ಕೆಲಸವನ್ನು ಎಂಜಿನಿಯರು ನೋಡಿ ಒಪ್ಪಿದ ಮೇಲೆ ಮುಂದಿನ ಕಂತು. ಎಂಟು ವರ್ಷಗಳ ಹಿಂದೆ ಕೈಯೊಡ್ಡಿ ನಿಂತಿದ್ದವರು ಇನ್ನೊಂದು ನಾಡಿಗೆ ಗುರುಗಳಾಗಿ ಹೋದರೆಂದರೆ, ಚೇತರಿಕೆಯೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ?

ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇದೇ ಆಗಿದೆ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ನೀಡುವವನೇ ದಾಸ. ಪಡೆಯುವವನ ಹಸಿವನ್ನು ಕೇಳಿ ತಿಳಿದು ಬಡಿಸುವುದು ಅವನ ವ್ರತ. ಮನೆಯ ನೆತ್ತಿಯ ಮೇಲೆ ದಾನಿಯ ಹೆಸರಿನ ಫಲಕ ಜಡಿದರೆ ಆ ಮನೆಯವನು ತನ್ನ ಹೊಸ್ತಿಲನ್ನು ದಾಟುವಾಗಲೆಲ್ಲ ಋಣವನ್ನು ದಾಟಬೇಕಾಗುತ್ತದೆ. ಈ ಮಾತನ್ನು ಮಠಗಳನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇವೆ. ಕಿಲ್ಲಾರಿಯ ದುರಂತದ ಬಳಿಕ ಭಾರತೀಯ ಜೈನ ಸಂಘಟನೆಯವರು ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು ಓದಿಸಿದರು. ಶತಮಾನದಿಂದ ಪ್ರಸಾದ ನಿಲಯ ನಡೆಸಿಬಂದ ನಾವು ಅಂಥ ಕಾರ್ಯವನ್ನು ಕಂಡು ಕಲಿಯಬೇಕಲ್ಲದೆ, ಕಳಿಸಿದ ಲಾರಿಗಳನ್ನು ಎಣಿಸಿ ಹಿಗ್ಗಬಾರದು.

“ನಮ್ಮ ಕಡೆ ಭೂಕಂಪವೆಲ್ಲಿಯದು?” ಎಂದು ಕೇಳುವವರು ಇನ್ನೂ ಇದ್ದಾರೆ. ಕಿಲ್ಲಾರಿಯವರೂ ಹಾಗೆಯೇ ಕೇಳುತ್ತಿದ್ದರು. ಅಂದಿನ ನಕ್ಷೆಯಲ್ಲಿ ಆ ಸೀಮೆ ಅತ್ಯಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರಲ್ಲಿ ನಕ್ಷೆಯನ್ನು ತಿದ್ದಿದಾಗ ಆ ಒಂದನೆಯ ವಲಯವನ್ನೇ ತೆಗೆದುಹಾಕಬೇಕಾಯಿತು. 1992ರಲ್ಲಿಯೇ ಕಿಲ್ಲಾರಿಯ ನೆಲ ಹಲವು ಬಾರಿ ನಡುಗಿತ್ತು. ಒಂದು ವರ್ಷದ ಅವಧಿಯಿತ್ತು, ಗೋಡೆಗಳು ಇದ್ದಂತೆಯೇ ಉಳಿದವು. 2021ರ ಅಕ್ಟೋಬರಿನಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ನೆಲ ಮತ್ತೆ ಮತ್ತೆ ಕಂಪಿಸಿ ಅನೇಕ ಕುಟುಂಬಗಳು ಊರು ತೊರೆದುದನ್ನು ಇಷ್ಟು ಬೇಗ ಮರೆತಿರಾ? ಅಲ್ಲಿಯ ಮನೆಗಳೂ, ನಮ್ಮ ಪ್ರಸಾದ ನಿಲಯವೂ, ಕಿಲ್ಲಾರಿಯ ಮನೆಗಳೂ ಒಂದೇ ಬಗೆಯ ಕಲ್ಲು, ಒಂದೇ ಬಗೆಯ ಮಣ್ಣು.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಮಾಳಿಗೆಯ ಮೇಲಿನ ಹೆಚ್ಚಿನ ಮಣ್ಣನ್ನು ಇಳಿಸಬೇಕು. ಗೋಡೆಯಲ್ಲಿ ಅಲ್ಲಲ್ಲಿ ಆರಪಾರ ರಂಧ್ರ ತೆಗೆದು ಕಬ್ಬಿಣವಿಟ್ಟು ಕಾಂಕ್ರೀಟು ತುಂಬಬೇಕು. ಬಾಗಿಲು ಕಿಟಕಿಗಳ ತಲೆಯ ಮಟ್ಟದಲ್ಲಿ ಸುತ್ತಲೂ ಒಂದು ಪಟ್ಟಿ ಕಟ್ಟಿ ನಾಲ್ಕು ಮೂಲೆಗಳನ್ನೂ ಒಂದಕ್ಕೊಂದು ಬಿಗಿಯಬೇಕು. ತಿಳಿದ ಎಂಜಿನಿಯರರು ಹಳೆಯ ವಿದ್ಯಾರ್ಥಿಗಳಲ್ಲಿಯೇ ಇದ್ದೀರಿ. ನೀವು ಬಂದು ಗೋಡೆಗಳನ್ನು ಪರೀಕ್ಷಿಸಿರಿ. ಊರಿನ ಗೌಂಡಿಗಳು ನಿಮ್ಮೊಡನೆ ನಿಂತು ಕಲಿಯಲಿ; ಅವರು ಕಲಿತರೆ ಸುತ್ತಣ ಹಳ್ಳಿಗಳ ಮನೆಗಳಿಗೂ ಆ ವಿದ್ಯೆ ತಲಪುತ್ತದೆ.

ಮಹಾದ್ವಾರ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಆ ದ್ವಾರದೊಳಗೆ ಬಂದು ಮಲಗುವ ಮಕ್ಕಳ ತಲೆಯ ಮೇಲಿನ ಮಾಳಿಗೆ ಭದ್ರವಾಗುವವರೆಗೆ ಅದರ ಒಂದು ಕಲ್ಲನ್ನೂ ಇಡಲು ನಾವು ಒಪ್ಪುವುದಿಲ್ಲ. ಹಳೆಯ ವಿದ್ಯಾರ್ಥಿಗಳೇ, ಅದೇ ಗೋಡೆಯ ಬುಡದಲ್ಲಿ ನೀವೂ ಹಾಸಿಗೆ ಬಿಚ್ಚಿ ಮಲಗಿದ್ದಿರಿ. ಇಂದು ರಾತ್ರಿಯೂ ಅಲ್ಲಿ ಹುಡುಗರು ಮಲಗುತ್ತಾರೆ. ಶಿವನ ಇಚ್ಛೆಯೇನೆಂದು ಅರಿಯಬಯಸುವ ಹಿರಿಯರು ಒಮ್ಮೆ ಬಂದು ಆ ಹುಡುಗರ ನಡುವೆ ಮಲಗಿ, ಮೇಲಿನ ಜಂತಿಯನ್ನು ನೋಡಲಿ. ಆಮೇಲೆ ಸಭೆ ಸೇರೋಣ.